ಮನೆಯ ನಕ್ಷೆಯಲ್ಲಿ ಓದುವ ಮಗಳಿಗೆ ಜಾಗವಿದೆಯೇ?

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ಅದಕ್ಕೂ ಮೊದಲೇ ರಾಜ್ಯದ ಶಾಲೆ-ಕಾಲೇಜುಗಳಿಗೆ ಬೀಗ ಬಿದ್ದಿತ್ತು. ಕೆಲವೇ ವಾರಗಳಲ್ಲಿ ಮನೆಯೇ ಶಾಲೆಯಾಯಿತು, ಮನೆಯೇ ಕಚೇರಿಯಾಯಿತು. ಊಟದ ಮೇಜು, ಮಹಡಿಯ ಮೆಟ್ಟಿಲು, ಟೆರೇಸಿನ ಮೂಲೆ, ಅಂಗಳದಲ್ಲಿ ನಿಲ್ಲಿಸಿದ್ದ ರಿಕ್ಷಾದ ಹಿಂದಿನ ಸೀಟು- ಹೀಗೆ ಎಲ್ಲಿ ನೆಟ್‌ವರ್ಕ್ ಸಿಗುತ್ತದೋ ಮತ್ತು ಎಲ್ಲಿ ಸದ್ದು ಕಡಿಮೆಯೋ ಅದುವೇ ತರಗತಿಯಾಯಿತು. ಆ ದಿನಗಳು ಕಳೆದು ವರ್ಷಗಳಾದವು. ಶಾಲೆಗಳು ತೆರೆದುಕೊಂಡವು, ಕಚೇರಿಗಳೂ ತುಂಬಿಕೊಂಡವು. ಆದರೆ ಮನೆಯೊಳಗೆ ಬಂದ ಶಾಲೆ ಮತ್ತು ಕಚೇರಿ ಪೂರ್ತಿಯಾಗಿ ಹೊರಗೆ ಹೋಗಿಲ್ಲ. ಟ್ಯೂಷನ್ ಮೊಬೈಲಿನಲ್ಲಿದೆ. ನೀಟ್ ಮತ್ತು ಸಿಇಟಿ ತರಬೇತಿ ಲ್ಯಾಪ್‌ಟಾಪಿನಲ್ಲಿದೆ. ಪದವಿಯನ್ನೇ ಮನೆಯಲ್ಲಿ ಕುಳಿತು ಪಡೆಯಬಹುದಾಗಿದೆ. ವಾರದಲ್ಲಿ ಎರಡು-ಮೂರು ದಿನ ಮನೆಯಿಂದಲೇ ದುಡಿಯುವ ಯುವಕ-ಯುವತಿಯರು ಇಂದು ಸಣ್ಣ ಪಟ್ಟಣಗಳಲ್ಲೂ ಇದ್ದಾರೆ.

ಮನೆಯ ಪಾತ್ರ ಬದಲಾಗಿದೆ. ಆದರೆ ಮನೆಯ ಕುರಿತಾದ ನಮ್ಮ ಆಲೋಚನೆ ಬದಲಾಗಿದೆಯೇ? ನಿವೇಶನ ನೋಡಲು ಹೋದವರು ಏನೆಲ್ಲ ಕೇಳುತ್ತಾರೆಂಬುದನ್ನು ಗಮನಿಸಿ. ಬಾವಿಯಲ್ಲಿ ನೀರಿದೆಯೇ, ಕಾರು ಒಳಗೆ ಬರುತ್ತದೆಯೇ, ಮಸೀದಿ ಎಷ್ಟು ದೂರ, ದಾಖಲೆಪತ್ರ ಸರಿಯಿದೆಯೇ? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ನಕ್ಷೆ ಬರೆಸುವಾಗ ಇನ್ನಷ್ಟು ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ. ಸಿಟೌಟ್ ಎಷ್ಟು ಅಗಲ, ನೆಲಕ್ಕೆ ಗ್ರಾನೈಟೋ ಮಾರ್ಬಲ್ಲೋ, ಅತಿಥಿಗಳಿಗೆ ಎಷ್ಟು ಕೋಣೆ, ಎದುರಿನಿಂದ ಮನೆ ಹೇಗೆ ಕಾಣಬೇಕು? ಆದರೆ, ‘ಈ ಮನೆಯಲ್ಲಿ ಮಕ್ಕಳು ಎಲ್ಲಿ ಕುಳಿತು ಓದುತ್ತಾರೆ?’ ಎಂದು ಕೇಳುವ ತಂದೆ ಎಷ್ಟು ಮಂದಿ? ‘ಮಗಳು ಮನೆಯಿಂದಲೇ ಕೆಲಸ ಮಾಡುವುದಾದರೆ ಅವಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಯಾವುದು?’ ಎಂದು ಕೇಳುವವರಂತೂ ಇನ್ನೂ ವಿರಳ. ಮನೆಯೆಂಬುದು ಜೀವಮಾನದ ಗಳಿಕೆಯನ್ನು ನುಂಗುವ ವಸ್ತು. ಅಷ್ಟು ದೊಡ್ಡ ವೆಚ್ಚ ಮಾಡುವಾಗಲೂ ಮನೆಯಲ್ಲಿ ದಿನವಿಡೀ ಇರುವವರ ಅಗತ್ಯ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆಂದರೆ, ಈ ಬಗ್ಗೆ ಆಲೋಚಿಸಬೇಡವೇ?

ಅಂಕಿ-ಅಂಶಗಳನ್ನು ನೋಡಿದರೆ ಈ ಪ್ರಶ್ನೆಯ ಗಾಂಭೀರ್ಯ ಅರ್ಥವಾದೀತು. 2011ರ ಜನಗಣತಿಯ ಪ್ರಕಾರ, ದೇಶದ 37 ಶೇಕಡಾ ಕುಟುಂಬಗಳು ಒಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಇನ್ನೂ ಸುಮಾರು 32 ಶೇಕಡಾ ಕುಟುಂಬಗಳಿಗೆ ಇದ್ದುದು ಎರಡು ಕೋಣೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 2018ರಲ್ಲಿ ನಡೆಸಿದ ವಸತಿ ಸಮೀಕ್ಷೆಯಲ್ಲಿ ನಗರ ಪ್ರದೇಶದ ಮನೆಯ ಸರಾಸರಿ ವಿಸ್ತೀರ್ಣ 46 ಚದರ ಮೀಟರ್, ಅಂದರೆ ಸುಮಾರು 500 ಚದರ ಅಡಿ ಎಂದು ಕಂಡುಬಂತು. ಅದೇ ಸಂಸ್ಥೆಯ 2017-18ರ ಶಿಕ್ಷಣ ಸಮೀಕ್ಷೆಯ ಪ್ರಕಾರ, ನಗರದ ನೂರು ಕುಟುಂಬಗಳ ಪೈಕಿ ಕಂಪ್ಯೂಟರ್ ಇದ್ದುದು ಸುಮಾರು 23 ಕುಟುಂಬಗಳಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದುದು 42ರಲ್ಲಿ. ಆನ್‌ಲೈನ್ ಶಿಕ್ಷಣ ಬಂದು ನಿಂತದ್ದು ಇಂಥ ಮನೆಗಳ ಬಾಗಿಲಿಗೆ. ಆ ಬಳಿಕ ಮೊಬೈಲ್ ಎಲ್ಲೆಡೆ ತಲುಪಿದೆ, ಡೇಟಾ ಅಗ್ಗವಾಗಿದೆ. ಆದರೆ ಸಿಮ್ ಕಾರ್ಡಿನೊಂದಿಗೆ ಕೋಣೆ ಬರುವುದಿಲ್ಲ. ಒಂದೇ ಹಾಲ್‌ನಲ್ಲಿ ಅಜ್ಜಿ ಮಲಗಿರುವಾಗ, ತಮ್ಮ ಕಾರ್ಟೂನ್ ನೋಡುತ್ತಿರುವಾಗ, ಕುಕ್ಕರ್ ಕೂಗುತ್ತಿರುವಾಗ ಹತ್ತನೇ ತರಗತಿಯ ಹುಡುಗಿ ಗಣಿತದ ಪಾಠ ಕೇಳಬೇಕೆಂದರೆ, ಆಕೆಯ ಬಳಿ ಎಷ್ಟು ಜಿಬಿ ಡೇಟಾ ಇದ್ದರೇನು?

ಮನೆಯಿಂದ ಕೆಲಸ ಮಾಡುವ ವಿಧಾನದ ಬಗ್ಗೆ ನಡೆದ ಪ್ರಸಿದ್ಧ ಅಧ್ಯಯನವೊಂದನ್ನು ಇಲ್ಲಿ ಪ್ರಸ್ತಾಪಿಸಬಹುದು. ಕೊರೋನಾಕ್ಕೆ ಸುಮಾರು ಹತ್ತು ವರ್ಷಗಳ ಮೊದಲು, 2010-11ರಲ್ಲಿ, ಚೀನಾದ ಪ್ರವಾಸ ಕಂಪೆನಿ ಸಿಟ್ರಿಪ್‌ನ ಶಾಂಘೈ ಕಾಲ್‌ಸೆಂಟರ್‌ನಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಪ್ರಯೋಗವೊಂದನ್ನು ನಡೆಸಿದರು. ಮನೆಯಿಂದ ದುಡಿದವರ ಕಾರ್ಯಕ್ಷಮತೆ 13 ಶೇಕಡಾ ಹೆಚ್ಚಾಯಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಪ್ರಯೋಗಕ್ಕೆ ಸೇರಲು ಒಂದು ಷರತ್ತಿತ್ತು ಎಂಬುದನ್ನು ಹೆಚ್ಚಿನವರು ಹೇಳುವುದಿಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಮಾತ್ರವಲ್ಲ, ಕೆಲಸಕ್ಕೆ ಪ್ರತ್ಯೇಕವಾದ ಕೋಣೆಯೂ ಇರಬೇಕಿತ್ತು. ಇನ್ನೂ ಒಂದು ಸಂಗತಿಯಿದೆ. ಪ್ರಯೋಗ ಮುಗಿದ ಬಳಿಕ ಮನೆಯೋ ಕಚೇರಿಯೋ ಎಂದು ಪುನಃ ಆಯ್ದುಕೊಳ್ಳಲು ಅವಕಾಶ ನೀಡಿದಾಗ ಅರ್ಧಕ್ಕೂ ಹೆಚ್ಚು ಮಂದಿ ತಮ್ಮ ಮೊದಲಿನ ಆಯ್ಕೆಯನ್ನು ಬದಲಿಸಿದರು. ಮನೆಯಲ್ಲಿ ಒಂಟಿತನ ಕಾಡುತ್ತದೆ ಎಂಬುದು ಮರಳಿ ಕಚೇರಿಗೆ ಹೋದವರ ಮುಖ್ಯ ದೂರಾಗಿತ್ತು. ಹಾಗಾದರೆ ಈ ಪ್ರಯೋಗ ಹೇಳುವ ಪಾಠ ಎರಡು. ಮನೆಯೊಳಗೆ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು ಬೇಕು. ಮನೆಯಿಂದ ಹೊರಗೆ ಹೋಗಲು ತೆರೆದಿರುವ ಒಂದು ಬಾಗಿಲೂ ಬೇಕು. ಮನೆಯನ್ನು ಆಯ್ದುಕೊಳ್ಳುವಾಗ, ಕಟ್ಟುವಾಗ ಮತ್ತು ಬಾಡಿಗೆಗೆ ಹಿಡಿಯುವಾಗ ಈ ಎರಡನ್ನೂ ಒಟ್ಟೊಟ್ಟಿಗೆ ನೋಡಬೇಕು.

ವಸ್ತುತಃ ಮನೆಯಿಂದಲೇ ದುಡಿಯುವುದು ನಮ್ಮ ಸಮುದಾಯಕ್ಕೆ ಹೊಸತೇನೂ ಅಲ್ಲ. ‘ವರ್ಕ್ ಫ್ರಂ ಹೋಮ್’ ಎಂಬ ಪದ ಬರುವುದಕ್ಕಿಂತ ಎಷ್ಟೋ ದಶಕಗಳ ಮೊದಲೇ ಕರಾವಳಿಯ ತಾಯಂದಿರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬೇರೆ ಕಡೆಗಳಲ್ಲಿ ಅಗರಬತ್ತಿ ಹೊಸೆದರು, ಜರಿ ಕಸೂತಿ ಮಾಡಿದರು, ಬಟ್ಟೆ ಹೊಲಿದರು. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು ಇದನ್ನು ಅಂಕಿಗಳಲ್ಲಿ ದಾಖಲಿಸಿತು. ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಸುಮಾರು 70 ಶೇಕಡಾ ಮಂದಿ ತಮ್ಮ ಮನೆಯೊಳಗೇ ದುಡಿಯುತ್ತಿದ್ದರು. ಒಟ್ಟು ಮಹಿಳಾ ಕಾರ್ಮಿಕರಲ್ಲಿ ಈ ಪ್ರಮಾಣ 51 ಶೇಕಡಾ ಇತ್ತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. ಕಾನೂನು ಒಪ್ಪಿಕೊಂಡಿತು, ನಿಜ. ಆದರೆ ಮನೆ ಒಪ್ಪಿಕೊಂಡಿತೇ?

ಆ ತಾಯಂದಿರ ದುಡಿಮೆಯಿಂದ ಮಕ್ಕಳು ಓದಿದರು, ಹೆಣ್ಣುಮಕ್ಕಳ ಮದುವೆಯಾಯಿತು, ಹಂಚಿನ ಮಾಡು ತಾರಸಿಯಾಯಿತು. ಆದರೆ ಆ ಮನೆಗಳಲ್ಲಿ ಬೀಡಿ ಕಟ್ಟಲೆಂದು ಒಂದು ಜಾಗ ನಿಗದಿಯಾಗಿತ್ತೇ? ಬೆಳಕಿಗಾಗಿ ಹೊಸ್ತಿಲ ಬಳಿ, ಮಳೆಗಾಲದಲ್ಲಿ ಅಡುಗೆಮನೆಯ ಬದಿಯಲ್ಲಿ, ಅತಿಥಿಗಳು ಬಂದರೆ ಹಿತ್ತಿಲ ಜಗಲಿಯಲ್ಲಿ- ಹೀಗೆ ಉಳಿದವರಿಗೆ ಬೇಡವಾದ ಮೂಲೆಯೇ ಅವರ ಕಾರ್ಖಾನೆಯಾಯಿತು. ಹೊಗೆಸೊಪ್ಪಿನ ಧೂಳು, ಬೆನ್ನು ಮತ್ತು ಕುತ್ತಿಗೆಯ ನೋವು ಅವರ ಪಾಲಿಗೆ ಬಂತು. ಎಲೆ ನೆನೆಸುವುದು, ಅನ್ನಕ್ಕಿಡುವುದು, ಮಗುವನ್ನು ತೂಗುವುದು, ಬ್ರಾಂಚಿಗೆ ಬೀಡಿ ತಲುಪಿಸುವುದು ಎಲ್ಲವೂ ಒಂದೇ ದಿನದಲ್ಲಿ ನಡೆಯಬೇಕಿತ್ತು. ಇಷ್ಟಾಗಿಯೂ, ‘ನಿಮ್ಮ ಮನೆಯವರು ಏನು ಮಾಡುತ್ತಾರೆ?’ ಎಂದು ಯಾರಾದರೂ ಕೇಳಿದರೆ, ‘ಏನೂ ಇಲ್ಲ, ಮನೆಯಲ್ಲೇ ಇದ್ದಾರೆ’ ಎಂದೇ ಗಂಡಸರು ಉತ್ತರಿಸಿದರು. ಮನೆಯೊಳಗಿನ ದುಡಿಮೆಗೆ ಜಾಗ ಕೊಡದಿದ್ದರೆ, ಕಾಲಕ್ರಮೇಣ ಅದಕ್ಕೆ ಗೌರವವೂ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಇದೀಗ ಆ ತಾಯಂದಿರ ಮಗಳೋ ಮೊಮ್ಮಗಳೋ ಪದವಿ ಮುಗಿಸಿ ಲ್ಯಾಪ್‌ಟಾಪ್ ಹಿಡಿದಿದ್ದಾಳೆ. ವಿದೇಶದ ಆಸ್ಪತ್ರೆಯೊಂದರ ದಾಖಲೆಗಳನ್ನು ಟೈಪಿಸುತ್ತಾಳೆ, ಲೆಕ್ಕಪತ್ರ ಬರೆಯುತ್ತಾಳೆ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾಳೆ. ಆದರೆ ಆಕೆಗೆ ಸಿಕ್ಕಿರುವ ಜಾಗ ಯಾವುದು? ಮಂಚದ ತುದಿ. ಕೆಲಸದ ನಡುವೆ ಚಹಾಕ್ಕೆ ಕರೆ ಬರುತ್ತದೆ, ಗ್ಯಾಸ್ ಸಿಲಿಂಡರಿನವ ಬಂದರೆ ಏಳಬೇಕಾಗುತ್ತದೆ, ಮಾವನಿಗೆ ಮದ್ದು ಕೊಡಬೇಕಾಗುತ್ತದೆ. ‘ಅವಳು ಮನೆಯಲ್ಲೇ ಇದ್ದಾಳಲ್ಲ’ ಎಂಬುದು ಸಮರ್ಥನೆ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾರೆ. ಅಂಥ ಕೆಲಸದಲ್ಲಿ ತೊಡಗುವ ಪುರುಷರು ವ್ಯಯಿಸುವುದು 88 ನಿಮಿಷ. ಈ ಐದು ಗಂಟೆಯ ಹೊರೆಯ ಮೇಲೆ ಎಂಟು ಗಂಟೆಯ ಉದ್ಯೋಗವನ್ನೂ ಹೊರಿಸಿ, ಎರಡಕ್ಕೂ ಅದೇ ಮಂಚದ ತುದಿಯನ್ನು ತೋರಿಸುವುದು ನ್ಯಾಯವೇ? ಮುಚ್ಚಿದ ಬಾಗಿಲು ಇಲ್ಲಿ ಬರೇ ಮರದ ಹಲಗೆಯಲ್ಲ. ‘ಒಳಗಿರುವವಳು ಕೆಲಸದಲ್ಲಿದ್ದಾಳೆ’ ಎಂದು ಮನೆಮಂದಿಗೆಲ್ಲ ತಿಳಿಸುವ ಒಂದು ಒಪ್ಪಂದ ಅದು.

ಹಾಗಂತ, ಎಲ್ಲರೂ ದೊಡ್ಡ ಮನೆ ಕಟ್ಟಿ ಎಂದು ಹೇಳುತ್ತಿಲ್ಲ. ನಿಜವಾಗಿ ಸಮಸ್ಯೆ ಇರುವುದು ಸಣ್ಣ ಮನೆಗಳಲ್ಲಿ ಮಾತ್ರವಲ್ಲ. ಗಲ್ಫ್‌ನ ದುಡಿಮೆಯಿಂದ ಎದ್ದು ನಿಂತ ಎಷ್ಟೋ ಮನೆಗಳನ್ನು ನೋಡಿ. ಎರಡೆರಡು ಹಾಲ್‌ಗಳಿವೆ. ವರ್ಷಕ್ಕೆ ನಾಲ್ಕು ಬಾರಿಯೂ ಬಳಕೆಯಾಗದ ಅತಿಥಿ ಕೋಣೆಗೆ ಬೀಗ ಹಾಕಿದೆ. ಶೋಕೇಸ್‌ನಲ್ಲಿ ಪಿಂಗಾಣಿ ಪಾತ್ರೆಗಳಿವೆ. ಆದರೆ ಪುಸ್ತಕದ ಕಪಾಟಿಲ್ಲ, ಓದುವ ಮೇಜಿಲ್ಲ. ಮಕ್ಕಳು ಊಟದ ಮೇಜಿನ ಮೇಲೆ ಪುಸ್ತಕ ಹರಡುತ್ತಾರೆ, ಊಟದ ಹೊತ್ತಿಗೆ ಎತ್ತಿಕೊಂಡು ಏಳುತ್ತಾರೆ. ಮನೆಯ ಯಜಮಾನ ಮರಳುಗಾಡಿನ ಕಾರ್ಮಿಕ ಶಿಬಿರದಲ್ಲಿ ನಾಲ್ಕೈದು ಮಂದಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಉಳಿಸಿದ ಹಣ ಅದು. ಆ ಹಣ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಸಲ್ಲುತ್ತದೆಯೇ ಹೊರತು ಸ್ವಂತ ಮಕ್ಕಳ ಓದಿಗೆ ಸಲ್ಲುವುದಿಲ್ಲವೆಂದರೆ ಅದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ? ಅಂಥ ಮನೆಗೆ ಬೇಕಾದುದು ಇನ್ನೊಂದು ಕೋಣೆಯಲ್ಲ. ಬೀಗ ಹಾಕಿದ ಕೋಣೆಯ ಕೀಲಿಕೈ.

ಹೊಸದಾಗಿ ಕಟ್ಟುವವರಿಗೆ ಇದು ಕಷ್ಟದ ಮಾತೇ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಕನಿಷ್ಠ ವಿಸ್ತೀರ್ಣ 9.5 ಚದರ ಮೀಟರ್, ಅಂದರೆ ಸುಮಾರು ನೂರು ಚದರ ಅಡಿ. ಎರಡು ಕೋಣೆಗಳಿದ್ದರೆ ಒಂದು 7.5 ಚದರ ಮೀಟರ್ ಇದ್ದರೂ ಸಾಕು, ಅಂದರೆ ಸುಮಾರು ಎಂಬತ್ತು ಚದರ ಅಡಿ. ಅಷ್ಟು ಜಾಗದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಕಪಾಟು ಮತ್ತು ರಾತ್ರಿ ಒಬ್ಬರು ಮಲಗಲು ಹಾಸಿಗೆ ಹಿಡಿಯುತ್ತದೆ. ಹಾಲ್‌ನ ಅಗಲದಲ್ಲಿ ಮೂರು-ನಾಲ್ಕು ಅಡಿ ತಗ್ಗಿಸಿದರೆ ಈ ಕೋಣೆಗೆ ಬೇಕಾದ ಜಾಗದ ಬಹುಪಾಲು ಸಿಕ್ಕೀತು. ಅದಕ್ಕೆ ಹೊರಗಿನ ಬೆಳಕು ಬರುವ ಕಿಟಕಿ ಇರಬೇಕು. ಅಡುಗೆಮನೆಗೂ ಟಿವಿಗೂ ತಾಗಿಕೊಂಡಿರಬಾರದು. ಮೇಜಿನ ಎತ್ತರದಲ್ಲಿ ಪ್ಲಗ್ ಪಾಯಿಂಟ್ ಇರಬೇಕು. ಗೋಡೆ ಏಳುವಾಗಲೇ ಇಂಟರ್ನೆಟ್ ವಯರಿಗೆಂದು ಒಂದು ಪೈಪ್ ಹಾಕಿಸಬೇಕು. ಇನ್ವರ್ಟರಿನ ಒಂದು ಲೈನು ಆ ಕೋಣೆಗೂ ಹೋಗಬೇಕು. ಮುಂಬಾಗಿಲ ಕೆತ್ತನೆಗೆ ಸುರಿಯುವ ಹಣಕ್ಕೆ ಹೋಲಿಸಿದರೆ ಇವೆಲ್ಲದರ ವೆಚ್ಚ ಅತ್ಯಲ್ಪ. ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಅದನ್ನು ಮನೆಯ ಹೆಣ್ಣುಮಕ್ಕಳ ಮುಂದೆ ಹರಡಿ, ‘ನಿನ್ನ ಜಾಗ ಯಾವುದು, ತೋರಿಸು’ ಎಂದು ಕೇಳಿ. ಉತ್ತರ ಅಡುಗೆಮನೆ ಎಂದಾದರೆ ಆ ನಕ್ಷೆಯನ್ನು ತಿದ್ದಿಸಬೇಕು.

ಬಾಡಿಗೆ ಮನೆಯಲ್ಲಿರುವವರು ಏನು ಮಾಡಬೇಕು? ಅವರಿಗೆ ಗೋಡೆ ಕಟ್ಟುವ ಸ್ವಾತಂತ್ರ್ಯವಿಲ್ಲ. ಆದರೆ ಹೊತ್ತನ್ನು ಹಂಚಿಕೊಳ್ಳುವ ಸ್ವಾತಂತ್ರ್ಯ ಇದೆ. ಒಂದೇ ಕೋಣೆಯ ಮನೆಯಲ್ಲೂ ಮಗ್ರಿಬ್‌ನಿಂದ ಇಶಾದ ವರೆಗೆ ಟಿವಿ ಬಂದ್ ಎಂದು ನಿಯಮ ಮಾಡಬಹುದು. ಒಂದು ಮೇಜನ್ನು ಓದಿಗೆ ಮಾತ್ರ ಮೀಸಲಿಡಬಹುದು. ಮನೆ ಹುಡುಕುವಾಗ ಹಾಲ್ ಸಣ್ಣದಿದ್ದರೂ ಎರಡು ಕೋಣೆ ಇರುವ ಮನೆಯನ್ನು ಆಯ್ದುಕೊಳ್ಳಬಹುದು. ಇದೇ ವೇಳೆ ನಮ್ಮಲ್ಲಿ ಬಾಡಿಗೆಗೆಂದೇ ಸಾಲುಮನೆ ಕಟ್ಟಿಸುವವರೂ ಇದ್ದಾರೆ. ಐದು ಸೆಂಟ್ಸ್ ಜಾಗದಲ್ಲಿ ಎಷ್ಟು ಬಾಗಿಲು ತೆರೆಯಬಹುದು ಎಂದು ಲೆಕ್ಕ ಹಾಕುವ ಅವರು, ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳೆಯುವ ಮಕ್ಕಳ ಲೆಕ್ಕವನ್ನೂ ಹಾಕಲಿ. ಬಾಡಿಗೆ ವಸೂಲಿಯ ಜೊತೆ ಹೊಣೆಗಾರಿಕೆಯೂ ಬರುತ್ತದೆ.

ಸರಕಾರಕ್ಕೂ ಹೊಣೆಯಿದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲರ ಮನೆಯ ಒಳಾಂಗಣ ವಿಸ್ತೀರ್ಣವನ್ನು 30 ಚದರ ಮೀಟರ್ ಎಂದು ಇಟ್ಟುಕೊಳ್ಳಲಾಗಿತ್ತು. ಸುಮಾರು 320 ಚದರ ಅಡಿಯಲ್ಲಿ ಅಡುಗೆಮನೆ, ಶೌಚಾಲಯ ಕಳೆದು ಉಳಿಯುವ ಜಾಗದಲ್ಲಿ ಐದಾರು ಮಂದಿ ಮಲಗಬೇಕು. ಶಿಕ್ಷಣವನ್ನು ಮೊಬೈಲಿಗೆ ವರ್ಗಾಯಿಸುವ ಉತ್ಸಾಹ ಇರುವ ಸರಕಾರಗಳಿಗೆ, ಆ ಶಿಕ್ಷಣ ಯಾವ ಗೋಡೆಗಳ ಒಳಗೆ ನಡೆಯಬೇಕೆಂಬ ಕಾಳಜಿಯೂ ಇರಬೇಕಲ್ಲವೇ?

ಇನ್ನು, ಯಾವ ಊರಿನಲ್ಲಿ ಮನೆ ಮಾಡಬೇಕು ಎಂಬ ಪ್ರಶ್ನೆ. ಅಮೇರಿಕದ ದೊಡ್ಡ ನಗರಗಳಲ್ಲಿ ಕೊರೋನಾದ ಬಳಿಕ ಮನೆಗಳ ಬೇಡಿಕೆ ನಗರದ ನಡುಭಾಗದಿಂದ ಹೊರವಲಯಕ್ಕೆ ಸರಿದುದನ್ನು ಅರ್ಜುನ್ ರಮಣಿ ಮತ್ತು ನಿಕೋಲಸ್ ಬ್ಲೂಮ್ 2021ರ ಅಧ್ಯಯನದಲ್ಲಿ ತೋರಿಸಿದರು. ನಮ್ಮಲ್ಲಿ ನಡೆದುದು ತುಸು ಬೇರೆ. ಬೆಂಗಳೂರಿನ ಬಾಡಿಗೆ ಕೋಣೆಗಳನ್ನು ಖಾಲಿ ಮಾಡಿದ ಯುವಕರು ಹೊರವಲಯಕ್ಕಲ್ಲ, ನೇರವಾಗಿ ಹೆತ್ತವರ ಮನೆಗೆ ಬಂದರು. ಮಂಗಳೂರು, ಭಟ್ಕಳ, ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿ ಕುಳಿತು ಬೆಂಗಳೂರಿನ ಕೆಲಸ ಮಾಡಬಹುದು ಎಂಬುದು ಸಾಬೀತಾಯಿತು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಭಾಗಗಳಿಗೆ ತಂತ್ರಜ್ಞಾನ ಉದ್ದಿಮೆಗಳನ್ನು ತರುವ ‘ಬಿಯಾಂಡ್ ಬೆಂಗಳೂರು’ ಯೋಜನೆಯನ್ನು ರಾಜ್ಯ ಸರಕಾರವೂ ಮುಂದಿಟ್ಟಿತು. ವೃದ್ಧ ತಂದೆ-ತಾಯಿಯ ಬಳಿ ಇದ್ದುಕೊಂಡು, ಬಾಡಿಗೆಯನ್ನು ಉಳಿಸಿ, ಮಕ್ಕಳನ್ನು ಅಜ್ಜ-ಅಜ್ಜಿಯ ಕೈಯಲ್ಲಿ ಬೆಳೆಸುವ ಅವಕಾಶ ಸಿಗುವುದಾದರೆ ಅದನ್ನು ಯಾರು ತಾನೇ ಬೇಡವೆಂದಾರು?

ಆದರೆ ಇಲ್ಲೊಂದು ಎಚ್ಚರ ಬೇಕು. ಕಚೇರಿಯ ನಿಯಮ ಸ್ಥಿರವಲ್ಲ. ಟಿಸಿಎಸ್‌ನಂಥ ದೊಡ್ಡ ಕಂಪೆನಿಯೇ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತು. ಮನೆಯಿಂದಲೇ ಕೆಲಸ ಎಂದು ನಂಬಿ ಊರಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವರು ಇಂಥ ಸೂಚನೆ ಬಂದಾಗ ಏನು ಮಾಡಬೇಕು? ಊರಿನ ಮನೆಗೆ ಕಂತು ಕಟ್ಟಬೇಕು, ಬೆಂಗಳೂರಿನ ಪಿಜಿಗೆ ಬಾಡಿಗೆಯನ್ನೂ ಕೊಡಬೇಕು. ಇಪ್ಪತ್ತು ವರ್ಷಗಳ ಸಾಲವನ್ನು ಇಪ್ಪತ್ತು ತಿಂಗಳೂ ಬಾಳದ ನಿಯಮದ ಮೇಲೆ ನಿಲ್ಲಿಸುವುದು ಜಾಣತನವಲ್ಲ. ಮನೆಯಿಂದ ಕೆಲಸ ಎಂಬುದು ನೇಮಕಾತಿ ಪತ್ರದಲ್ಲಿ ಬರೆದಿದೆಯೇ ಅಥವಾ ಮೇಲಧಿಕಾರಿಯ ಬಾಯಿಮಾತು ಮಾತ್ರವೇ? ಈ ಉದ್ಯೋಗ ಕೈತಪ್ಪಿದರೆ ಅದೇ ಊರಿನಲ್ಲಿದ್ದುಕೊಂಡು ಇನ್ನೊಂದನ್ನು ಪಡೆಯಲು ಸಾಧ್ಯವೇ? ಇವೆರಡಕ್ಕೆ ಉತ್ತರ ಸಿಗುವ ವರೆಗೆ ಬೆಂಗಳೂರಿನ ಮನೆಯನ್ನು ಮಾರುವುದೂ ಬೇಡ, ಊರಿನಲ್ಲಿ ಹೊಸ ಸಾಲವೂ ಬೇಡ. ಒಂದೆರಡು ವರ್ಷ ಹಳೆಯ ಮನೆಯ ಒಂದು ಕೋಣೆಯನ್ನೇ ಸರಿಪಡಿಸಿ ನೋಡುವುದು ಕ್ಷೇಮ.

ಮನೆಯ ಆಯ್ಕೆಯ ಬಗ್ಗೆ ಮಾತಾಡುವಾಗ, ಎಲ್ಲರಿಗೂ ಆಯ್ಕೆಯ ಅವಕಾಶ ಸಮಾನವಾಗಿಲ್ಲ ಎಂಬುದನ್ನೂ ಮರೆಯಬಾರದು. ಇಷ್ಟಪಟ್ಟ ಪ್ರದೇಶದಲ್ಲಿ ಮನೆ ಬಾಡಿಗೆಗೋ ಕ್ರಯಕ್ಕೋ ಸಿಗುವುದಿಲ್ಲ, ಹಾಗಾಗಿ ತಮ್ಮವರೇ ಇರುವ ಮೊಹಲ್ಲಾಗಳಲ್ಲಿ ಒತ್ತೊತ್ತಾಗಿ ಬದುಕಬೇಕಾಗಿದೆ ಎಂಬ ಮುಸ್ಲಿಮರ ಅಳಲನ್ನು ಸಾಚಾರ್ ಸಮಿತಿಯೇ ದಾಖಲಿಸಿತ್ತು. ಅಂಥ ಪ್ರದೇಶಗಳಿಗೆ ಶಾಲೆ, ಬ್ಯಾಂಕು, ರಸ್ತೆ, ಚರಂಡಿಯಂಥ ಸೌಲಭ್ಯಗಳು ತಲುಪುವುದು ಕಡಿಮೆ ಎಂಬುದನ್ನೂ ಅದು ಗುರುತಿಸಿತ್ತು. ಹೆಸರು ಕೇಳಿದ ಕೂಡಲೇ ‘ಮನೆ ಕೊಟ್ಟಾಗಿದೆ’ ಎನ್ನುವ ಮಾಲಕರ ಮನೋಭಾವ ಬದಲಾಗಬೇಕು. ಅದಕ್ಕಾಗಿ ಧ್ವನಿಯೆತ್ತುತ್ತಲೇ ಇರಬೇಕು.

ಈ ನೋವಿನ ನಡುವೆ ಇಂಟರ್ನೆಟ್ ಒಂದು ಬಿಡುಗಡೆಯಂತೆ ಕಾಣುವುದು ಸಹಜ. ಬೇರೆ ಬಡಾವಣೆಯಲ್ಲಿ ಮನೆ ಸಿಗದಿದ್ದರೇನು, ಮೊಹಲ್ಲಾದಲ್ಲೇ ಕುಳಿತು ಓದಬಹುದು, ದುಡಿಯಬಹುದು, ವ್ಯಾಪಾರವನ್ನೂ ಮಾಡಬಹುದು ಎಂದು ಅನಿಸಬಹುದು. ಅಪಾಯ ಇರುವುದೇ ಇಲ್ಲಿ. ಶಾಲೆಯ ಬೆಂಚು, ಕಾಲೇಜಿನ ಬಸ್ಸು, ಕಚೇರಿಯ ಕ್ಯಾಂಟೀನು- ಇವು ಬೇರೆ ಬೇರೆ ಧರ್ಮದವರು ಪರಸ್ಪರರ ಮುಖ ನೋಡುವ ಕೊನೆಯ ಜಾಗಗಳು. ಅವೂ ಪರದೆಯೊಳಗೆ ಸೇರಿಕೊಂಡರೆ ನಮ್ಮ ಮಕ್ಕಳು ನೆರೆಯವರನ್ನು ಅರಿಯುವುದು ವಾಟ್ಸಾಪ್‌ನ ವದಂತಿಗಳ ಮೂಲಕ. ನೆರೆಯವರು ನಮ್ಮನ್ನು ಅರಿಯುವುದೂ ಹಾಗೆಯೇ. ಆದ್ದರಿಂದ ಮನೆಯನ್ನು ನೋಡುವಾಗ ಇಂಟರ್ನೆಟ್‌ನ ವೇಗವನ್ನಷ್ಟೇ ಅಳೆದರೆ ಸಾಲದು. ಅಲ್ಲಿಂದ ಗ್ರಂಥಾಲಯಕ್ಕೆ, ಕಾಲೇಜಿಗೆ, ಆಟದ ಮೈದಾನಕ್ಕೆ ಹುಡುಗಿಯೊಬ್ಬಳು ನಿರ್ಭೀತಿಯಿಂದ ನಡೆದುಹೋಗಬಹುದೇ ಎಂಬುದನ್ನೂ ನೋಡಬೇಕು.

ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿ ಈ ಮಾತು ಇನ್ನಷ್ಟು ಮುಖ್ಯ. ತರಗತಿಯ ಸಮವಸ್ತ್ರಕ್ಕೆ ಸಂಬಂಧಿಸಿದ 2022ರ ಫೆಬ್ರವರಿ 5ರ ಸರಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು ಮತ್ತು ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟ್ ನೀಡಿದ ಭಿನ್ನ ತೀರ್ಪು- ಈ ಅವಧಿಯಲ್ಲಿ ‘ಮನೆಯಲ್ಲೇ ಕುಳಿತು ಓದಲಿ’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬಂತು. ದೂರಶಿಕ್ಷಣವನ್ನು ಕೀಳಾಗಿ ಕಾಣಬೇಕಾಗಿಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಗಳು ಓದು ನಿಲ್ಲಿಸಿದ್ದ ಎಷ್ಟೋ ಗೃಹಿಣಿಯರ ಕೈಗೆ ಪದವಿಯನ್ನಿತ್ತಿವೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಸೇರುವ ಮೊದಲು ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಅನುಮತಿ ಇದೆಯೇ ಎಂದು ಪರಿಶೀಲಿಸಿಕೊಳ್ಳಬೇಕು, ಅಷ್ಟೇ.

ಆದರೆ ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಕಾನೂನುಗಳನ್ನು ದೂರಶಿಕ್ಷಣದಲ್ಲಿ ಕಲಿಯಲು ಅನುಮತಿಯಿಲ್ಲ ಎಂಬುದನ್ನು ಹೆತ್ತವರು ತಿಳಿದಿರಬೇಕು. ಪ್ರಯೋಗಾಲಯ ಮೊಬೈಲಿನಲ್ಲಿ ಸಿಗುವುದಿಲ್ಲ. ಗೆಳತಿಯರು, ಚರ್ಚೆ, ವೇದಿಕೆಯಲ್ಲಿ ನಿಂತು ಮಾತಾಡುವ ಧೈರ್ಯ ಯಾವುದೂ ಸಿಗುವುದಿಲ್ಲ. ಓದು ನಿಂತೇ ಹೋಗಬೇಕಿದ್ದ ಹುಡುಗಿಗೆ ದೂರಶಿಕ್ಷಣ ಒಂದು ಸೇತುವೆ. ಕಾಲೇಜಿಗೆ ಹೋಗಬಲ್ಲ ಹುಡುಗಿಗೆ ಅದನ್ನೇ ತೋರಿಸುವುದು ಬಾಗಿಲು ಮುಚ್ಚುವುದಕ್ಕೆ ಸಮ. ಒಂದೇ ಮನೆಯಲ್ಲಿ ಮಗನಿಗೆ ಬೆಂಗಳೂರಿನ ಹಾಸ್ಟೆಲ್, ಮಗಳಿಗೆ ಆನ್‌ಲೈನ್ ಎಂದು ತೀರ್ಮಾನವಾಗುತ್ತಿದ್ದರೆ ಅದು ತಂತ್ರಜ್ಞಾನದ ಬಳಕೆಯಲ್ಲ, ಹಳೆಯ ತಾರತಮ್ಯಕ್ಕೆ ತೊಡಿಸಿದ ಹೊಸ ಅಂಗಿ. ಮಗಳಿಗೆ ಮನೆಯಲ್ಲಿ ಒಂದು ಕೋಣೆ ಕೊಡಿ ಎಂದರೆ, ಆಕೆಯನ್ನು ಅದರೊಳಗೆ ಕೂಡಿಹಾಕಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು.

ಹಾಗಿದ್ದರೆ, ಕೋಣೆ ಕೊಡಲು ನಿಜವಾಗಿಯೂ ಸಾಧ್ಯವಿಲ್ಲದ ಕುಟುಂಬಗಳ ಮಕ್ಕಳು ಎಲ್ಲಿಗೆ ಹೋಗಬೇಕು? ಇದಕ್ಕೂ ಕೊರೋನಾ ಕಾಲದಲ್ಲೇ ಒಂದು ಉತ್ತರ ಸಿಕ್ಕಿತ್ತು. 2020ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ಆರಂಭಿಸಿದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋದರು. ಮರದಡಿ, ಜಗಲಿ, ಸಮುದಾಯ ಭವನಗಳು ತರಗತಿಗಳಾದವು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ಸ್ಥಗಿತಗೊಂಡಿತಾದರೂ, ಮನೆಯಲ್ಲಿ ಇಲ್ಲದ ಜಾಗವನ್ನು ಊರು ಕೊಡಬಲ್ಲುದು ಎಂಬುದನ್ನು ತೋರಿಸಿಕೊಟ್ಟಿತು. ನಮ್ಮ ಜಮಾಅತ್‌ಗಳ ಬಳಿ ಅಂಥ ಜಾಗಕ್ಕೆ ಕೊರತೆಯಿಲ್ಲ. ಮದ್ರಸದ ಕಟ್ಟಡಗಳು ಬೆಳಗ್ಗಿನ ತರಗತಿ ಮುಗಿದ ಬಳಿಕ ದಿನದ ಬಹುಭಾಗ ಖಾಲಿ ಬಿದ್ದಿರುತ್ತವೆ. ಅಲ್ಲಿ ಬೆಂಚಿದೆ, ಫ್ಯಾನಿದೆ, ಬೆಳಕಿದೆ. ಒಂದು ಇಂಟರ್ನೆಟ್ ಸಂಪರ್ಕ, ಕೆಲವು ಹೆಡ್‌ಫೋನ್, ಒಬ್ಬ ಮೇಲ್ವಿಚಾರಕ, ಹುಡುಗಿಯರಿಗೆ ಪ್ರತ್ಯೇಕ ಹೊತ್ತು ಅಥವಾ ಕೋಣೆ- ಇಷ್ಟಿದ್ದರೆ ಅದು ಮೊಹಲ್ಲಾದ ಅಧ್ಯಯನ ಕೇಂದ್ರವಾಗುತ್ತದೆ. ನೆರೆಯ ಹಿಂದೂ-ಕ್ರೈಸ್ತ ಮಕ್ಕಳಿಗೂ ಅದರ ಬಾಗಿಲು ತೆರೆದಿರಲಿ. ಮಸೀದಿಗೆ ಇನ್ನೊಂದು ಮಿನಾರ ಕಟ್ಟುವ ಚರ್ಚೆ ನಡೆಯುತ್ತಿರುವಲ್ಲಿ ಈ ವಿಷಯವೂ ಸಭೆಯ ಮುಂದೆ ಬರಲಿ.

ಇನ್ನೊಂದು ಹಕ್ಕಿನ ಕುರಿತೂ ಹೇಳಬೇಕು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡಲಾಗುತ್ತದೆ. ನಾವು ಕಟ್ಟುವ ತೆರಿಗೆ ರಶೀದಿಯಲ್ಲಿ ಅದು ಶೇ. 6 ಎಂದು ಸೇರಿರುತ್ತದೆ. ಅಂದರೆ ಪ್ರತಿ ಮನೆಯೂ ಗ್ರಂಥಾಲಯಕ್ಕೆ ಪಾಲು ಕೊಡುತ್ತಿದೆ. ಹಾಗಾದರೆ ನಮ್ಮ ವಾರ್ಡಿನಲ್ಲಿ ಗ್ರಂಥಾಲಯ ಎಲ್ಲಿದೆ? ಸಂಜೆ ಎಷ್ಟು ಗಂಟೆಯ ವರೆಗೆ ತೆರೆದಿರುತ್ತದೆ? ಹೆಣ್ಣುಮಕ್ಕಳಿಗೆ ಕುಳಿತುಕೊಳ್ಳಲು ಜಾಗವಿದೆಯೇ, ಶೌಚಾಲಯವಿದೆಯೇ? ಮತ ಕೇಳಲು ಬರುವವರ ಮುಂದೆ ನಾವು ರಸ್ತೆಯ ಬಗ್ಗೆ ಮಾತಾಡುತ್ತೇವೆ, ಚರಂಡಿಯ ಬಗ್ಗೆ ಮಾತಾಡುತ್ತೇವೆ. ಮುಂದಿನ ಬಾರಿ ತೆರಿಗೆ ರಶೀದಿಯನ್ನು ಹಿಡಿದುಕೊಂಡು ಗ್ರಂಥಾಲಯದ ಬಗ್ಗೆಯೂ ಕೇಳೋಣ.

ಒಂದು ತಲೆಮಾರಿನ ತಾಯಂದಿರು ಮನೆಯ ಬೇಡವಾದ ಮೂಲೆಯಲ್ಲಿ ಕುಳಿತು ದುಡಿದು ಇನ್ನೊಂದು ತಲೆಮಾರನ್ನು ಓದಿಸಿದರು. ಓದಿದ ಆ ಹೆಣ್ಣುಮಕ್ಕಳನ್ನು ಪುನಃ ಅದೇ ಮೂಲೆಗೆ ಕಳುಹಿಸಬಾರದು. ಮೊರದ ಜಾಗದಲ್ಲಿ ಲ್ಯಾಪ್‌ಟಾಪ್ ಬಂದ ಮಾತ್ರಕ್ಕೆ ಅದು ಪ್ರಗತಿಯಾಗುವುದಿಲ್ಲ. ಮನೆಯೊಳಗೆ ಆಕೆಯ ಓದಿಗೂ ದುಡಿಮೆಗೂ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು, ಕಾಲೇಜಿಗೂ ಕಚೇರಿಗೂ ಸಮಾಜಕ್ಕೂ ಹೋಗಲು ತೆರೆದಿರುವ ಮುಂಬಾಗಿಲು- ಇವೆರಡೂ ಇರುವ ಮನೆಯೇ ಇಂದಿನ ಕಾಲಕ್ಕೆ ತಕ್ಕ ಮನೆ. ಅದು ಆರು ಸೆಂಟ್ಸ್‌ನಲ್ಲಿದ್ದರೂ ಸರಿ, ಅರವತ್ತು ಸೆಂಟ್ಸ್‌ನಲ್ಲಿದ್ದರೂ ಸರಿ. ಮನೆ ಕಟ್ಟಲು ಹೊರಟ ತಂದೆಯಂದಿರು, ಬಾಡಿಗೆ ಮನೆ ಹುಡುಕುತ್ತಿರುವ ದಂಪತಿಗಳು ಮತ್ತು ಜಮಾಅತ್‌ನ ಹೊಣೆಗಾರರು ಈ ಬಗ್ಗೆ ಗಂಭೀರವಾಗಿ ಆಲೋಚಿಸಬೇಕು. ಇಟ್ಟಿಗೆ ಇಳಿಸುವ ಮೊದಲೇ ಆಲೋಚಿಸಿದರೆ ಒಳ್ಳೆಯದು. ಗೋಡೆ ಎದ್ದ ಮೇಲೆ ತಿದ್ದುವುದು ದುಬಾರಿ.